ಒಂದು ಸಕ್ಕರೆ ದ್ವೀಪದ ಜಮಾ-ಖರ್ಚು



ಕೆಲವು ವಾರಗಳ ಹಿಂದೆ ಭಾನುವಾರದ ಪೂಜೆ ಮುಗಿದ ಮೇಲೆ ರೈತ ಬಂಧುವೊಬ್ಬರು ಚರ್ಚಿನ ಅಂಗಳದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದರು. ಅವರಿಗೆ ಆಜರೆಯ ಹತ್ತಿರ ಎರಡೂವರೆ ಎಕರೆ ಜಮೀನು. ಅದರಲ್ಲಿ ಒಂದೂವರೆ ಎಕರೆ ಕಬ್ಬು, ಗುಡ್ಡದ ಬದಿಗೆ ಇಪ್ಪತ್ತೈದು ಗುಂಟೆ ಕಾಜು, ಉಳಿದ ಹದಿನೈದು ಗುಂಟೆಯಲ್ಲಿ ಮನೆಯ ಊಟಕ್ಕೆ ಘನಸಾಳ ಭತ್ತ. ಮಗ ಹೇಳುತ್ತಾನಂತೆ: "ಆ ಹದಿನೈದು ಗುಂಟೆಗೂ ಕಬ್ಬು ಹಚ್ಚೋಣ. ಬಿಲ್ಲು ಒಟ್ಟಿಗೆ ಬರುತ್ತದೆ. ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ." ತಾಯಿ ಮಾತ್ರ ಒಪ್ಪುತ್ತಿಲ್ಲ. ಮನೆಯಲ್ಲಿ ಎರಡು ತಿಂಗಳಿಂದ ಇದೇ ಜಗಳ. "ನೀವು ಓದಿದವರು ಫಾದರ್, ನೀವೇ ಹೇಳಿರಿ" ಎಂದು ಅವರು ಸುಮ್ಮನೆ ನಿಂತರು.

ನಾವು ಸೆಮಿನರಿಯಲ್ಲಿ ಓದಿದ್ದು ತತ್ವಶಾಸ್ತ್ರ ಮತ್ತು ದೇವಶಾಸ್ತ್ರ; ಕಬ್ಬಿನ ಕಣ್ಣು ಯಾವುದು, ಗೆಣ್ಣು ಯಾವುದು ಎಂದು ತಿಳಿದದ್ದು ಈ ಭಾಗಕ್ಕೆ ಬಂದ ಮೇಲೆಯೇ. ಆದುದರಿಂದ ಅಂದು ಉತ್ತರ ಕೊಡದೆ ಒಂದಿಷ್ಟು ಸಮಯ ಕೇಳಿದೆವು. ಯೋಚಿಸುತ್ತ ಹೋದಂತೆ ನಮಗೆ ನೆನಪಾದದ್ದು, ಇದೇ ಪ್ರಶ್ನೆಯನ್ನು ಒಂದು ಮನೆಯಲ್ಲ, ಒಂದು ಇಡೀ ದೇಶವೇ ಎದುರಿಸಿದೆ ಎಂಬ ಸಂಗತಿ. ಆ ದೇಶ ಮಾರಿಷಸ್. ಈ ಸಲದ ಪಾಠಕ್ಕೆ ಅದನ್ನೇ ಆರಿಸಿಕೊಂಡಿದ್ದೇವೆ.

ದೇಶವೆಂದರೆ ದೊಡ್ಡದೆಂದು ತಿಳಿಯಬೇಡಿರಿ. ಮಾರಿಷಸ್ ಹಿಂದೂ ಮಹಾಸಾಗರದಲ್ಲಿ, ಮುಂಬಯಿಯಿಂದ ನಾಲ್ಕೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಅದರ ಮುಖ್ಯ ದ್ವೀಪದ ವಿಸ್ತೀರ್ಣ 1,865 ಚದರ ಕಿಲೋಮೀಟರ್. ನಮ್ಮ ಕೊಲ್ಹಾಪುರ ಜಿಲ್ಲೆ 7,685 ಚದರ ಕಿಲೋಮೀಟರ್ ಇರುವುದರಿಂದ ಆ ದ್ವೀಪ ನಮ್ಮ ಜಿಲ್ಲೆಯ ಕಾಲುಭಾಗವಾಯಿತು. ಜನಸಂಖ್ಯೆ ಹನ್ನೆರಡೂವರೆ ಲಕ್ಷದ ಆಸುಪಾಸು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ನಮ್ಮ ದೇಶದಿಂದ ಹೋದವರ ಸಂತತಿ. ರತ್ನಾಗಿರಿ ಕಡೆಯಿಂದ ಹೋದ ಮರಾಠಿ ಮನೆತನಗಳೂ ಇವೆ. ಘಟ್ಟ ಇಳಿದರೆ ಕೊಂಕಣ ಸಿಗುವ ಆಜರೆಯವರಿಗೆ ಅದು ತೀರಾ ಪರಸ್ಥಳವೇನಲ್ಲ.

ಆ ದ್ವೀಪದಲ್ಲಿ ಕಬ್ಬು ತಾನಾಗಿ ಹುಟ್ಟಿದ್ದಲ್ಲ. 1639ರಲ್ಲಿ ಡಚ್ಚರು ಜಾವಾದಿಂದ ತಂದು ನೆಟ್ಟರು. ಅವರ ಹಿಂದೆ ಫ್ರೆಂಚರು, 1810ರಲ್ಲಿ ಇಂಗ್ಲಿಷರು ಬಂದರು. 1825ರಲ್ಲಿ ಇಂಗ್ಲೆಂಡ್ ಮಾರಿಷಸ್ಸಿನ ಸಕ್ಕರೆಯ ಮೇಲಿದ್ದ ಹೆಚ್ಚಿನ ಸುಂಕವನ್ನು ಇಳಿಸಿ ವೆಸ್ಟ್ ಇಂಡೀಸ್ ಸಕ್ಕರೆಗೆ ಸಮ ಮಾಡಿತು. ಅಷ್ಟೇ ಸಾಕಾಯಿತು, ಕಾಡು ಕಡಿದು ದ್ವೀಪವೆಲ್ಲ ಕಬ್ಬಾಯಿತು. ಲಂಡನ್ನಿನಲ್ಲಿ ಕಾಗದದ ಮೇಲೆ ಬಿದ್ದ ಒಂದು ಸಹಿ ಸಾವಿರಾರು ಮೈಲಿ ಆಚೆಯ ಹೊಲದಲ್ಲಿ ಯಾವ ಬೆಳೆ ಇರಬೇಕೆಂದು ತೀರ್ಮಾನಿಸಿತು. ಇಂದು ನಮ್ಮ ಕಬ್ಬಿಗೆ ಕನಿಷ್ಠ ದರವನ್ನು ದಿಲ್ಲಿ ಗೊತ್ತುಮಾಡುವುದನ್ನು ನೋಡಿದವರಿಗೆ ಇದು ಹೊಸ ಮಾತಲ್ಲ.

ಕಬ್ಬು ಕಡಿಯಲು ಮೊದಲು ಗುಲಾಮರಿದ್ದರು. 1835ರಲ್ಲಿ ಅವರಿಗೆ ಬಿಡುಗಡೆಯಾಯಿತು. ಅದಕ್ಕೆ ಮುಂಚೆಯೇ, 1834ರಿಂದ, ಭಾರತದ ಕೂಲಿಕಾರರನ್ನು ಐದು ವರ್ಷದ ಕರಾರಿನ ಮೇಲೆ ಹಡಗಿನಲ್ಲಿ ಒಯ್ಯಲು ಆರಂಭಿಸಿದ್ದರು. ತಿಂಗಳಿಗೆ ಐದು ರೂಪಾಯಿ ಕೂಲಿ, ಜೊತೆಗೆ ಅಕ್ಕಿ, ಬೇಳೆ, ಉಪ್ಪು. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಸುಮಾರು ನಾಲ್ಕೂವರೆ ಲಕ್ಷ ಜನ ಹೀಗೆ ಪೋರ್ಟ್ ಲೂಯಿ ಬಂದರಿನಲ್ಲಿ ಇಳಿದರು. ಅವರು ಹತ್ತಿ ಹೋದ ಕಲ್ಲಿನ ಮೆಟ್ಟಿಲು ಇಂದಿಗೂ ಇದೆ. 'ಆಪ್ರವಾಸಿ ಘಾಟ್' ಎಂಬ ಹೆಸರಿನ ಆ ಸ್ಥಳವನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. (ಬಿಡುಗಡೆಯಾದ ಗುಲಾಮರ ನಡುವೆ 1841ರಿಂದ 1864ರವರೆಗೆ ದುಡಿದ ಪೂಜ್ಯ ಫಾದರ್ ಲಾವಾಲ್ ಗುರುವಾಗುವ ಮೊದಲು ವೈದ್ಯರಾಗಿದ್ದವರು. ಕೃಷಿ ಮತ್ತು ಆರೋಗ್ಯವನ್ನು ಒಂದೇ ಅಂಕಣದಲ್ಲಿ ಬರೆಯುವ ನಮಗೆ ಅವರ ಮೇಲೆ ತುಸು ಅಭಿಮಾನ ಹೆಚ್ಚು.)

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗುರುತು ಹಾಕಿಕೊಳ್ಳಿರಿ. ಕೂಲಿಯವನಿಗೆ ಕೊಡುತ್ತಿದ್ದ ಅಕ್ಕಿ ಆ ದ್ವೀಪದಲ್ಲಿ ಬೆಳೆದದ್ದಲ್ಲ. ಅದೂ ಅವನ ಹಾಗೆಯೇ ಭಾರತದಿಂದ ಹಡಗಿನಲ್ಲಿ ಬಂದದ್ದು. ಒಳ್ಳೆಯ ಭೂಮಿಯೆಲ್ಲ ಕಬ್ಬಿಗೆ, ಊಟ ಹೊರಗಿನಿಂದ. ಆ ಪದ್ಧತಿ ಬಿದ್ದು ಇನ್ನೂರು ವರ್ಷವಾಗುತ್ತ ಬಂತು. ಇಂದಿಗೂ ಅದು ಬದಲಾಗಿಲ್ಲ.

ಒಂದೇ ಮಾಲು, ಒಂದೇ ಗಿರಾಕಿ

ದೇಶವೊಂದು ಹೊರಗೆ ಮಾರುವುದು ರಫ್ತು, ಹೊರಗಿನಿಂದ ಕೊಳ್ಳುವುದು ಆಮದು. ಮನೆಗೆ ಹೋಲಿಸಿದರೆ ಸುಲಭ. ನಮ್ಮ ಮನೆಯಿಂದ ಹೊರಗೆ ಹೋಗುವ ಕಬ್ಬು, ಕಾಜು, ಡೇರಿಗೆ ಹಾಕುವ ಹಾಲು, ಮಗ ಪುಣೆಯಲ್ಲಿ ಮಾಡುವ ನೌಕರಿ, ಇವೆಲ್ಲ ನಮ್ಮ ರಫ್ತು. ಎಣ್ಣೆ, ಚಹಾ ಪುಡಿ, ಗೊಬ್ಬರ, ಪೆಟ್ರೋಲು, ಔಷಧ ನಮ್ಮ ಆಮದು. ತಂದದ್ದು ಕೊಟ್ಟದ್ದಕ್ಕಿಂತ ಹೆಚ್ಚಾದರೆ ಅದು ಕೊರತೆ. ಅದನ್ನು ಸೊಸೈಟಿಯ ಸಾಲದಿಂದಲೋ ಹಳೆಯ ಉಳಿತಾಯದಿಂದಲೋ ತುಂಬಬೇಕು.

1968ರ ಮಾರ್ಚ್ 12ರಂದು ಮಾರಿಷಸ್ ಸ್ವತಂತ್ರವಾದಾಗ ಅದರ ರಫ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸಕ್ಕರೆಯೇ ಆಗಿತ್ತು. ಅದಕ್ಕೆ ಎಂಟು ವರ್ಷ ಮೊದಲು, 1960ರಲ್ಲಿ, 'ಕ್ಯಾರಲ್' ಎಂಬ ಚಂಡಮಾರುತ ಬೀಸಿ ಆ ವರ್ಷದ ಸಕ್ಕರೆ ಹಿಂದಿನ ವರ್ಷದ ಅರ್ಧಕ್ಕೂ ಇಳಿದಿತ್ತು. ಒಂದು ರಾತ್ರಿಯ ಗಾಳಿ, ಒಂದು ದೇಶದ ವರ್ಷದ ಗಳಿಕೆ. ಮುಂದೆ ನೋಬೆಲ್ ಬಹುಮಾನ ಪಡೆದ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಅವರು ಆ ದಿನಗಳಲ್ಲಿ ದ್ವೀಪವನ್ನು ಅಭ್ಯಾಸ ಮಾಡಿ, ಜನ ಹೆಚ್ಚು, ಭೂಮಿ ಕಡಿಮೆ, ಬೆಳೆ ಒಂದೇ, ಹೀಗಾಗಿ ಮುಂದಿನ ದಾರಿ ಒಳ್ಳೆಯದು ಕಾಣುವುದಿಲ್ಲ ಎಂಬ ಅಭಿಪ್ರಾಯಕ್ಕೆ ಬಂದಿದ್ದರು. ಪಂಡಿತರ ಭವಿಷ್ಯವಾಣಿ ಸುಳ್ಳಾದ ದೊಡ್ಡ ಉದಾಹರಣೆಯಾಗಿ ಇದನ್ನು ಇಂದಿಗೂ ಹೇಳುತ್ತಾರೆ. ಸುಳ್ಳಾದದ್ದು ಹೇಗೆ ಎಂಬುದೇ ನಮ್ಮ ಪಾಠದ ತಿರುಳು.

1974ರಲ್ಲಿ ಲೋಕದ ಪೇಟೆಯಲ್ಲಿ ಸಕ್ಕರೆಯ ದರ ಹಿಂದೆಂದೂ ಕಾಣದಷ್ಟು ಏರಿತು. ಅದೇ ವೇಳೆಗೆ ಯುರೋಪಿನ ದೇಶಗಳು ತಮ್ಮ ಹಿಂದಿನ ವಸಾಹತುಗಳನ್ನು ಕರೆದು ಒಂದು ಕರಾರನ್ನು ಮುಂದಿಟ್ಟವು: ಪ್ರತಿ ವರ್ಷ ಇಷ್ಟು ಸಕ್ಕರೆ ಕೊಡಿರಿ, ನಮ್ಮ ರೈತರಿಗೆ ಕೊಡುವ ದರದ ಹತ್ತಿರದ ದರವನ್ನೇ ನಿಮಗೂ ಕೊಡುತ್ತೇವೆ. ಪೇಟೆಯ ದರ ಆಕಾಶದಲ್ಲಿದ್ದಾಗ ಇಂಥ ಕರಾರು ಯಾರಿಗೆ ಬೇಕು? ಅನೇಕ ದೇಶಗಳು ಹಿಂದೆ ಮುಂದೆ ನೋಡಿದವು. ಮಾರಿಷಸ್ಸಿನ ಮೊದಲ ಪ್ರಧಾನಿ ಶಿವಸಾಗರ ರಾಮಗುಲಾಮರ ಸರಕಾರ ಮಾತ್ರ ಐದು ಲಕ್ಷ ಟನ್ನಿಗೂ ಹೆಚ್ಚಿನ ಪಾಲನ್ನು ಬರೆಸಿಕೊಂಡಿತು. ಬೇರೆ ಯಾವ ದೇಶಕ್ಕೂ ಅಷ್ಟು ದೊಡ್ಡ ಪಾಲು ಸಿಗಲಿಲ್ಲ. 1975ರ ಲೋಮೆ ಒಪ್ಪಂದದ ಸಕ್ಕರೆ ಕರಾರು ಎಂದು ಇದಕ್ಕೆ ಹೆಸರು. ಪೇಟೆಯ ದರ ಬೇಗನೆ ಕುಸಿಯಿತು. ಕರಾರಿನ ದರ ಉಳಿಯಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಬಹುಪಾಲು ಕಾಲ ಮಾರಿಷಸ್ಸಿಗೆ ಸಿಕ್ಕಿದ್ದು ಲೋಕದ ದರದ ಇಮ್ಮಡಿ, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಇಲ್ಲಿಯವರೆಗೆ ಓದಿ, "ಹಾಗಾದರೆ ಕಬ್ಬೇ ಒಳ್ಳೆಯದಲ್ಲವೇ ಫಾದರ್?" ಎಂದು ಆ ಮಗ ಕೇಳಬಹುದು. ತಾಳು ಮಗನೇ.

ಖಚಿತವಾದ ದರ ಬರುವ ಮನೆಯಲ್ಲಿ ಹಣ ಎರಡು ರೀತಿಯಲ್ಲಿ ಹೋಗುತ್ತದೆ. ಮಾರಿಷಸ್ಸಿನಲ್ಲಿ ಎರಡೂ ನಡೆದವು. ಮೊದಲ ಹುರುಪಿನಲ್ಲಿ ಸರಕಾರ ಕೈಬಿಚ್ಚಿ ಖರ್ಚು ಮಾಡಿತು, ಆಮದು ಏರಿತು, ಸಾಲ ಬೆಳೆಯಿತು; 1979ರಲ್ಲಿ ತಮ್ಮ ರೂಪಾಯಿಯ ಬೆಲೆಯನ್ನು ನೂರಕ್ಕೆ ಮೂವತ್ತರಷ್ಟು ಇಳಿಸಬೇಕಾಯಿತು. (ಅವರ ನಾಣ್ಯದ ಹೆಸರೂ ರೂಪಾಯಿಯೇ.) ಆದರೆ ಅದೇ ಹಣದಲ್ಲಿ ಎರಡು ಒಳ್ಳೆಯ ಕೆಲಸಗಳೂ ಆದವು. 1977ರಿಂದ ಹೈಸ್ಕೂಲು ಶಿಕ್ಷಣ ಉಚಿತವಾಯಿತು. ಬಡವರ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಶಾಲೆಯ ಮುಖ ಕಂಡರು. ಸಕ್ಕರೆಯ ಲಾಭ ಹೊಸ ಬಟ್ಟೆ ಕಾರ್ಖಾನೆಗಳಿಗೂ ಹೋಟೆಲುಗಳಿಗೂ ಬಂಡವಾಳವಾಯಿತು. ರಫ್ತಿಗಾಗಿಯೇ ದುಡಿಯುವ ಕಾರ್ಖಾನೆಗಳಿಗೆ ರಿಯಾಯಿತಿ ಕೊಡುವ ಕಾನೂನನ್ನು 1970ರಲ್ಲಿಯೇ ಮಾಡಿದ್ದರು. 1980ರ ದಶಕದ ನಡುವೆ ಸಿದ್ಧ ಉಡುಪಿನ ರಫ್ತು ಸಕ್ಕರೆಯನ್ನೂ ಹಿಂದೆ ಹಾಕಿತು. ಕಬ್ಬಿನ ಗದ್ದೆಯಲ್ಲಿ ದುಡಿಯುತ್ತಿದ್ದವರ ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ಕುಳಿತು ತಿಂಗಳ ಸಂಬಳ ಎಣಿಸಿದರು.

ಕರಾರು ಮುಗಿದ ದಿನ

ಒಬ್ಬರಿಗೆ ಸಿಗುವ ವಿಶೇಷ ದರ ಇನ್ನೊಬ್ಬರ ಕಣ್ಣಿಗೆ ಬೀಳದೆ ಇರುವುದಿಲ್ಲ. ಯುರೋಪಿನ ಸಕ್ಕರೆ ನೀತಿಯಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಥಾಯ್ಲೆಂಡ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು; 2005ರಲ್ಲಿ ಅವು ಗೆದ್ದವು. ಯುರೋಪ್ ತನ್ನ ನೀತಿಯನ್ನು ಬದಲಿಸಿತು. ಟನ್ನಿಗೆ ಸುಮಾರು 524 ಯೂರೋ ಇದ್ದ ಕಚ್ಚಾ ಸಕ್ಕರೆಯ ದರ 2006ರಿಂದ ಹಂತ ಹಂತವಾಗಿ ನೂರಕ್ಕೆ ಮೂವತ್ತಾರು ಇಳಿದು 335 ಯೂರೋಗೆ ಬಂತು. 2009ರ ಸೆಪ್ಟೆಂಬರಿನಲ್ಲಿ ಕರಾರೇ ಮುಗಿಯಿತು. ಅದಕ್ಕೂ ಮೊದಲು, 2005ರ ಜನವರಿ ಒಂದರಂದು, ಬಟ್ಟೆ ವ್ಯಾಪಾರದಲ್ಲಿ ದೇಶದೇಶಕ್ಕೆ ಇದ್ದ ಪಾಲಿನ ಪದ್ಧತಿಯೂ ರದ್ದಾಗಿತ್ತು. ಚೀನದ ಬಟ್ಟೆಯ ಮುಂದೆ ನಿಲ್ಲಲಾರದೆ ಎಷ್ಟೋ ಕಾರ್ಖಾನೆಗಳು ಮುಚ್ಚಿದವು. ಕೆಲಸ ಕಳೆದುಕೊಂಡವರಲ್ಲಿ ಹೆಚ್ಚಿನವರು ಹೆಂಗಸರು. ಐದೇ ವರ್ಷಗಳಲ್ಲಿ ಎರಡೂ ಕಂಬಗಳು ಅಲುಗಿದವು.

ಈ ಕಥೆಯಲ್ಲಿ ನಮ್ಮ ಪಾಲೂ ಇದೆ. ಭಾರತ ತನ್ನ ಕಬ್ಬು ಬೆಳೆಗಾರರಿಗೂ ಸಕ್ಕರೆ ರಫ್ತಿಗೂ ಕೊಡುವ ಬೆಂಬಲ ನಿಯಮಕ್ಕೆ ವಿರುದ್ಧ ಎಂದು 2019ರಲ್ಲಿ ಅದೇ ಸಂಸ್ಥೆಗೆ ದೂರು ಹೋಯಿತು. ದೂರು ಕೊಟ್ಟವರು ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾ. ಮೊದಲ ಎರಡು ಹೆಸರು ಹಳೆಯ ಪರಿಚಯದವೇ! 2021ರ ಡಿಸೆಂಬರಿನಲ್ಲಿ ತೀರ್ಪು ನಮಗೆ ವಿರುದ್ಧ ಬಂತು. ಭಾರತ ಮೇಲ್ಮನವಿ ಸಲ್ಲಿಸಿತು. ಮೇಲ್ಮನವಿ ಕೇಳುವ ಪೀಠದಲ್ಲಿ ಆಗ ನ್ಯಾಯಾಧೀಶರೇ ಇರಲಿಲ್ಲವಾದ್ದರಿಂದ ಅದು ಹಾಗೆಯೇ ಉಳಿಯಿತು. ಇನ್ನು ರಫ್ತಿನ ಕಥೆ: 2021-22ರ ಹಂಗಾಮಿನಲ್ಲಿ ನಮ್ಮ ದೇಶದಿಂದ ನೂರು ಲಕ್ಷ ಟನ್ನಿಗೂ ಹೆಚ್ಚು ಸಕ್ಕರೆ ಹೊರಗೆ ಹೋಯಿತು. 2022-23ರಲ್ಲಿ ಅರುವತ್ತು ಲಕ್ಷ ಟನ್ನಿನ ಆಸುಪಾಸಿಗೆ ಮಿತಿ ಹಾಕಿದರು. 2023-24ರಲ್ಲಿ ಬಾಗಿಲು ಮುಚ್ಚಿತು. 2025ರ ಜನವರಿಯಲ್ಲಿ ಹತ್ತು ಲಕ್ಷ ಟನ್ನಿಗೆ ಮತ್ತೆ ತೆರೆಯಿತು. ಮಳೆ ಕಡಿಮೆ, ಊರೊಳಗಿನ ದರ, ಚುನಾವಣೆ, ಕಾರಣ ಯಾವುದಾದರೂ ಇರಲಿ, ಗವಸೆಯ ಕಾರ್ಖಾನೆಯ ದಾರಿ ಹಿಡಿದ ಗಾಡಿಯ ಮೇಲೆ ಕುಳಿತವನನ್ನು ಯಾರೂ ಕೇಳಲಿಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ದರ ಕ್ವಿಂಟಲಿಗೆ 355 ರೂಪಾಯಿ, ಅದೂ 10.25 ಇಳುವರಿಗೆ. ಕಡಿತ ಮತ್ತು ಸಾಗಣೆ ಅದರಲ್ಲಿಯೇ ಹೋಗಬೇಕು.

ಮಾರಿಷಸ್ಸಿನ ಸಕ್ಕರೆಯ ಗತಿ ಏನಾಯಿತು? 1973ರಲ್ಲಿ ಏಳು ಲಕ್ಷ ಟನ್ನಿಗೂ ಹೆಚ್ಚು ಸಕ್ಕರೆ ತೆಗೆದು ದಾಖಲೆ ಮಾಡಿದ ದ್ವೀಪ ಈಚಿನ ವರ್ಷಗಳಲ್ಲಿ ಎರಡೂವರೆ ಲಕ್ಷ ಟನ್ನಿನ ಆಚೆ ಈಚೆ ಇದೆ. ಕಬ್ಬಿನ ಭೂಮಿ ಅರ್ಧಕ್ಕಿಳಿದಿದೆ. ಸ್ವಾತಂತ್ರ್ಯದ ಕಾಲಕ್ಕೆ ಇಪ್ಪತ್ತರ ಮೇಲಿದ್ದ ಕಾರ್ಖಾನೆಗಳು ಈಗ ಕೈಬೆರಳಲ್ಲಿ ಎಣಿಸುವಷ್ಟೂ ಇಲ್ಲ. ಎರಡು ಮೂರು ಎಕರೆಯ ಸಣ್ಣ ರೈತರು ಮೊದಲು ಕೈಬಿಟ್ಟರು. ಅವರ ಎಷ್ಟೋ ಹೊಲಗಳು ಪಾಳು ಬಿದ್ದಿವೆ. ಉಳಿದವರು ಕಚ್ಚಾ ಸಕ್ಕರೆಯನ್ನು ಮೂಟೆಗಟ್ಟಿ ಕಳಿಸುವುದನ್ನು ಬಿಟ್ಟು, ಶುದ್ಧ ಮಾಡಿದ ಬಿಳಿ ಸಕ್ಕರೆ ಮತ್ತು ಬೆಲ್ಲದ ಬಣ್ಣದ ವಿಶೇಷ ಸಕ್ಕರೆಗಳನ್ನು ಮಾರುತ್ತಾರೆ. ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ ಮಾಡುತ್ತಾರೆ, ಕಾಕಂಬಿಯಿಂದ ಮದ್ಯಸಾರ ತೆಗೆಯುತ್ತಾರೆ. ಬುದ್ಧಿವಂತಿಕೆಯ ಕೆಲಸವೇ. 2021ರ ಏಪ್ರಿಲ್ ಒಂದರಿಂದ ಭಾರತದೊಡನೆಯೂ ಅವರಿಗೆ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ; ಅವರ ವಿಶೇಷ ಸಕ್ಕರೆಗೆ ನಮ್ಮಲ್ಲಿ ಸುಂಕದ ರಿಯಾಯಿತಿ ಉಂಟು. ಕಬ್ಬಿನ ನಾಡಿಗೇ ಸಕ್ಕರೆ ಮಾರುವ ಅವರ ಧೈರ್ಯವನ್ನು ಮೆಚ್ಚಬೇಕು.

ಅಡುಗೆಮನೆಗೆ ಬರುವ ಹಡಗು

ಹೀಗೆ ಮಾಲು ಬದಲಿಸುವುದರಲ್ಲಿ ಮಾರಿಷಸ್ ಜಾಣತನ ತೋರಿತು. ಸಕ್ಕರೆ, ಬಟ್ಟೆ, ಪ್ರವಾಸಿಗರು, ಬ್ಯಾಂಕು-ಹಣಕಾಸು, ಡಬ್ಬಿಯಲ್ಲಿ ತುಂಬಿದ ಮೀನು, ಒಂದು ಕುಸಿದಾಗ ಇನ್ನೊಂದು ಕೈಹಿಡಿಯಿತು. ಆದರೆ ಲೆಕ್ಕಪುಸ್ತಕದ ಇನ್ನೊಂದು ಪುಟವನ್ನು ನೋಡಿರಿ. ಈಚಿನ ವರ್ಷಗಳಲ್ಲಿ ಆ ದೇಶ ಮಾರುವ ವಸ್ತುಗಳ ಬೆಲೆ, ಕೊಳ್ಳುವ ವಸ್ತುಗಳ ಬೆಲೆಯ ಮೂರನೆಯ ಒಂದು ಭಾಗದಷ್ಟು ಮಾತ್ರ. ಉಳಿದದ್ದನ್ನು ಮುಖ್ಯವಾಗಿ ಪ್ರವಾಸಿಗರೂ ಹಣಕಾಸು ವ್ಯವಹಾರವೂ ತುಂಬಬೇಕು. ತಿನ್ನುವ ಆಹಾರದಲ್ಲಿ ನಾಲ್ಕರಲ್ಲಿ ಮೂರು ಪಾಲು ಹೊರಗಿನದು. ಅಕ್ಕಿ, ಗೋಧಿ, ಎಣ್ಣೆ, ಹಾಲಿನ ಪುಡಿ, ಬೇಳೆ ಎಲ್ಲವೂ ಹಡಗಿನಲ್ಲಿ.

ಎಲ್ಲ ಸರಿಯಿದ್ದಾಗ ಇದರಿಂದ ತೊಂದರೆ ಕಾಣುವುದಿಲ್ಲ. 2019ರಲ್ಲಿ ಹದಿಮೂರು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಬಂದರು, ದೇಶದ ಜನಸಂಖ್ಯೆಗಿಂತ ಅದೇ ಹೆಚ್ಚಾಯಿತು. 2020ರ ಮಾರ್ಚಿನಲ್ಲಿ ಕೊರೋನಾದಿಂದ ಗಡಿ ಮುಚ್ಚಿತು. ಆ ವರ್ಷ ಬಂದವರು ಮೂರು ಲಕ್ಷದ ಆಸುಪಾಸು, ಅವರಲ್ಲಿಯೂ ಬಹುತೇಕರು ಮುಚ್ಚುವ ಮೊದಲೇ ಬಂದವರು. ದೇಶದ ಒಟ್ಟು ಉತ್ಪನ್ನ ಒಂದೇ ವರ್ಷದಲ್ಲಿ ನೂರಕ್ಕೆ ಹದಿನೈದರ ಹತ್ತಿರ ಇಳಿಯಿತು. ಹೋಟೆಲುಗಳು ಖಾಲಿ, ಆದರೆ ಅಕ್ಕಿಯ ಹಡಗಿಗೆ ಹಣ ಕೊಡಲೇಬೇಕು. ಹಡಗಿನ ಬಾಡಿಗೆಯೂ ಆಗ ಹಲವು ಪಟ್ಟು ಏರಿತ್ತು.

ಆಮೇಲೆ ನಮ್ಮ ದಿಲ್ಲಿಯ ಸರದಿ. ಊರೊಳಗೆ ಅಕ್ಕಿಯ ಬೆಲೆ ಏರಿತೆಂದು 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು. ಭೂತಾನ್, ಸಿಂಗಾಪುರ, ಮಾರಿಷಸ್ ಮೊದಲಾದ ದೇಶಗಳು ಸರಕಾರದ ಮಟ್ಟದಲ್ಲಿ ಕೇಳಿಕೊಂಡವು. ಆಗಸ್ಟಿನ ಕೊನೆಗೆ ಮಾರಿಷಸ್ಸಿಗೆ 14,000 ಟನ್ ಅಕ್ಕಿ ಕೊಡಲು ಅನುಮತಿ ಸಿಕ್ಕಿತು. ಅದೇ ವರ್ಷದ ಡಿಸೆಂಬರ್ 8ರಂದು ಈರುಳ್ಳಿಯ ರಫ್ತೂ ನಿಂತಿತು. ಮಾರಿಷಸ್ಸಿಗೆ ಆಮೇಲೆ ಬಿಟ್ಟದ್ದು 1,200 ಟನ್. ನಾಸಿಕ ಕಡೆಯ ರೈತರು ಲಾಸಲಗಾವದಲ್ಲಿ ಹರಾಜು ನಿಲ್ಲಿಸಿ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಇಲ್ಲಿ ಬೆಳೆದವನಿಗೆ ದರ ಬಿತ್ತು, ಅಲ್ಲಿ ಕೊಳ್ಳುವವಳಿಗೆ ಈರುಳ್ಳಿ ತುಟ್ಟಿಯಾಯಿತು, ನಡುವೆ ಒಂದು ಆದೇಶದ ಕಾಗದ. ಈರುಳ್ಳಿಯ ಬಾಗಿಲು 2024ರ ಮೇಯಲ್ಲಿ, ಅಕ್ಕಿಯ ಬಾಗಿಲು ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೆರೆಯಿತು. ಒಂದು ಸ್ವತಂತ್ರ ದೇಶ ತನ್ನ ಜನರ ಊಟಕ್ಕೆ ಇಷ್ಟು ಟನ್ ಕೊಡಿರೆಂದು ಅರ್ಜಿ ಹಾಕಿ ಕಾಯುವ ಪರಿಸ್ಥಿತಿ ಎಂಥದೆಂದು ರೇಶನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರಿಗೆ ನಾವು ವಿವರಿಸಬೇಕಾಗಿಲ್ಲ.

ಆರೋಗ್ಯದ ವಿಷಯಕ್ಕೆ ಬರೋಣ. ಹಡಗಿನಲ್ಲಿ ಏನು ಬರುತ್ತದೆಯೋ ಅದು ಕೊನೆಗೆ ಜನರ ರಕ್ತಕ್ಕೆ ಇಳಿಯುತ್ತದೆ ಎಂಬುದಕ್ಕೆ ಮಾರಿಷಸ್ಸಿನಷ್ಟು ಸ್ಪಷ್ಟ ಉದಾಹರಣೆ ಸಿಗುವುದು ಅಪರೂಪ. ಅಲ್ಲಿ ರೇಶನ್ ಎಣ್ಣೆ ಬಹುಪಾಲು ಆಮದಾದ ಪಾಮ್ ಎಣ್ಣೆಯಾಗಿತ್ತು. 1987ರಲ್ಲಿ ನಡೆದ ಆರೋಗ್ಯ ಸಮೀಕ್ಷೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ವಿಪರೀತವಾಗಿ ಕಂಡುಬಂದವು. ಸರಕಾರ ಆಗ ರೇಶನ್ ಎಣ್ಣೆಯನ್ನು ಪೂರ್ತಿಯಾಗಿ ಸೋಯಾ ಎಣ್ಣೆಗೆ ಬದಲಿಸಿತು. ಜೊತೆಗೆ ವ್ಯಾಯಾಮ, ಧೂಮಪಾನ ತ್ಯಾಗದ ಪ್ರಚಾರವನ್ನೂ ನಡೆಸಿತು. ಐದು ವರ್ಷ ಬಿಟ್ಟು 1992ರಲ್ಲಿ ಮತ್ತೆ ಅಳೆದಾಗ ಜನರ ರಕ್ತದಲ್ಲಿಯ ಕೊಲೆಸ್ಟರಾಲ್ ಸರಾಸರಿ 213ರಿಂದ 182ರ ಆಸುಪಾಸಿಗೆ ಇಳಿದಿತ್ತು. ಎಲ್ಲರಿಗೂ ಮಾತ್ರೆ ಹಂಚಿ ಸಾಧಿಸಿದ್ದಲ್ಲ ಇದು. ಬದಲಾದ ಮುಖ್ಯ ವಸ್ತು ಎಣ್ಣೆಯ ಡಬ್ಬಿ.

ಸಕ್ಕರೆ ಕಾಯಿಲೆ ಮಾತ್ರ ಬಗ್ಗಲಿಲ್ಲ. 2009ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಐವರಿಗೆ ಒಬ್ಬರಿಗಿಂತ ಹೆಚ್ಚು ಜನರಿಗೆ ಅದು ಕಂಡುಬಂತು. ಭಾರತೀಯ ರಕ್ತದ ದೋಷ ಎಂದು ಕೆಲವರು ಹೇಳುವುದುಂಟು. ಆದರೆ ಅಲ್ಲಿ ಭಾರತ ಮೂಲದವರು, ಆಫ್ರಿಕ ಮೂಲದವರು, ಚೀನದವರು ಎಲ್ಲರಲ್ಲಿಯೂ ಕಾಯಿಲೆ ಹೆಚ್ಚಾಗಿಯೇ ಸಿಕ್ಕಿತು. ಮೂವರಿಗೂ ಒಂದೇ ಆಗಿದ್ದದ್ದು ಬದಲಾದ ಜೀವನ: ಹೊಲದ ದುಡಿಮೆ ಹೋಗಿ ಕುರ್ಚಿಯ ಕೆಲಸ ಬಂತು, ಅಂಗಡಿಯ ಬಿಳಿ ಹಿಟ್ಟು, ಬಿಳಿ ಅಕ್ಕಿ, ಬಾಟಲಿಯ ಸಿಹಿ ಪಾನೀಯ ಬಂದವು. ಸಕ್ಕರೆಯಿಂದ ಬದುಕಿದ ಆ ದೇಶವೇ 2013ರಿಂದ ತಂಪು ಪಾನೀಯಗಳಲ್ಲಿಯ ಸಕ್ಕರೆಯ ಮೇಲೆ ಗ್ರಾಮಿನ ಲೆಕ್ಕದಲ್ಲಿ ತೆರಿಗೆ ಹಾಕುತ್ತಿದೆ.

ಇದನ್ನು ಓದಿ ನಮ್ಮ ಎಣ್ಣೆಯ ಡಬ್ಬಿಯನ್ನೂ ಒಮ್ಮೆ ತಿರುಗಿಸಿ ನೋಡಬೇಕು. ಭಾರತ ತಾನು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೋನೇಶಿಯಾ ಮತ್ತು ಮಲೇಶಿಯಾದ ಪಾಮ್ ಎಣ್ಣೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಶಿಯಾ ಮೂರು ನಾಲ್ಕು ವಾರ ರಫ್ತು ನಿಲ್ಲಿಸಿದಾಗ ನಮ್ಮ ಪೇಟೆಯವರೆಗೂ ಬಿಸಿ ತಟ್ಟಿತ್ತು. ಶೇಂಗಾ ಬೆಳೆಯುವ ಗಡಹಿಂಗ್ಲಜ ಭಾಗದ ಮನೆಗಳಲ್ಲಿಯೇ ಗಾಣದ ಎಣ್ಣೆ ಹಬ್ಬದ ವಸ್ತುವಾಗಿದೆ, ದಿನದ ಅಡುಗೆಗೆ ಪಾಕೀಟಿನದು. ಕಾಜುವಿನ ವಿಷಯವೂ ಹೀಗೆಯೇ. ನಮ್ಮ ಆಜರಾ-ಚಂದಗಡದ ಕಾಜು ಬೀಜಕ್ಕೆ ಎಷ್ಟು ದರ ಬರುವುದೆಂಬುದು, ಆಫ್ರಿಕದಿಂದ ಬಂದರಿಗೆ ಎಷ್ಟು ಕಚ್ಚಾ ಬೀಜ ಬಂದಿಳಿಯಿತು ಎಂಬುದನ್ನೂ ಅವಲಂಬಿಸಿದೆ. ಹೀಗಿರಲಾಗಿ ಎರಡೂವರೆ ಎಕರೆಯ ಮನೆಯೂ ಸಮುದ್ರವಿಲ್ಲದ ಒಂದು ದ್ವೀಪವೇ.

ಹದಿನೈದು ಗುಂಟೆಯ ಮಾತು

ಈಗ ಆ ಬಂಧುವಿಗೆ ನಮ್ಮ ಉತ್ತರ. ಕಬ್ಬು ಬೇಡವೆಂದು ನಾವು ಹೇಳುವುದಿಲ್ಲ. ಮಾರಿಷಸ್ ಸಕ್ಕರೆಯನ್ನು ಬಿಟ್ಟಿದ್ದರೆ ಶಾಲೆಗಳೂ ಆಗುತ್ತಿರಲಿಲ್ಲ, ಕಾರ್ಖಾನೆಗಳೂ ಆಗುತ್ತಿರಲಿಲ್ಲ. ನಿಮ್ಮ ಒಂದೂವರೆ ಎಕರೆ ಕಬ್ಬೇ ಮಗನನ್ನು ಓದಿಸಿದೆ. ಆದರೆ ಉಳಿದ ಹದಿನೈದು ಗುಂಟೆಯನ್ನು ಕಬ್ಬಿಗೆ ಕೊಟ್ಟರೆ ಹೆಚ್ಚುವ ಬಿಲ್ಲು ಎಷ್ಟು, ಅದರಲ್ಲಿ ಬೀಜ, ಗೊಬ್ಬರ, ನೀರು ಕಳೆದು ಉಳಿಯುವುದೆಷ್ಟು, ವರ್ಷದ ಅಕ್ಕಿಗೆ ಅಂಗಡಿಯಲ್ಲಿ ಕೊಡಬೇಕಾದದ್ದೆಷ್ಟು, ಇದನ್ನು ಬರೆದು ನೋಡಿದ್ದೀರಾ? ಮಗ ಕಬ್ಬಿನ ಬಿಲ್ಲನ್ನು ಮಾತ್ರ ಎಣಿಸಿದ್ದಾನೆ. ತಾಯಿ ಎಣಿಸುತ್ತಿರುವುದು ಡಬ್ಬಿಯಲ್ಲಿರುವ ಅಕ್ಕಿಯನ್ನು. ಬಿಲ್ಲು ತಡವಾದ ವರ್ಷ ಮನೆ ನಡೆಸಿದವಳು ಅವಳು.

ಇನ್ನೊಂದು ಮಾತು. ಘನಸಾಳ ಭತ್ತದ ಇಳುವರಿ ಕಡಿಮೆ, ಅವಧಿ ಹೆಚ್ಚು, ಅದು ನಿಜ. ಆದರೆ 'ಆಜರಾ ಘನಸಾಳ' ಎಂಬ ಹೆಸರಿಗೆ 2016ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಬೇರೆ ಕಡೆ ಬೆಳೆದ ಅಕ್ಕಿಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಮಾರಿಷಸ್ಸಿನವರು ಕಚ್ಚಾ ಸಕ್ಕರೆ ಬಿಟ್ಟು ವಿಶೇಷ ಸಕ್ಕರೆಗೆ ಹೊರಳಿದ್ದು ಇಂಥ ಹೆಸರಿನ ಬೆಲೆಯನ್ನು ತಿಳಿದೇ. ಮನೆಯ ಊಟಕ್ಕೆ ಇಟ್ಟು ಮಿಕ್ಕ ಅಕ್ಕಿಯನ್ನು ಕೊಲ್ಹಾಪುರ, ಬೆಳಗಾವಿಯ ಗಿರಾಕಿಗೆ ನೇರವಾಗಿ ಕೊಡುವವರು ಕಾರ್ಖಾನೆಯ ದರಕ್ಕೆ ಕಾಯಬೇಕಾಗಿಲ್ಲ. ಗದ್ದೆಯ ಬದುವಿನ ಮೇಲೆ ತೊಗರಿ, ಗುಡ್ಡದ ಅಂಚಿನಲ್ಲಿ ಒಂದಿಷ್ಟು ನಾಚಣಿ ಹಾಕಿದರೆ ಸಕ್ಕರೆ ಕಾಯಿಲೆಯವರ ತಟ್ಟೆಗೂ ಒಳ್ಳೆಯದು. ನಾಚಣಿಯನ್ನು ರೊಟ್ಟಿಯಾಗಿಯೋ ಮುದ್ದೆಯಾಗಿಯೋ ತಿನ್ನಿರಿ. ಬೆಲ್ಲ ಹಾಕಿ ಅಂಬಲಿ ಮಾಡಿ ಮೂರು ಲೋಟ ಕುಡಿದು, "ಫಾದರ್ ಹೇಳಿದ್ದಾರೆ" ಎನ್ನಬೇಡಿರಿ.

ನಮ್ಮ ಎಲ್ಲ ವಾಚಕರಿಗೂ ಒಂದು ಮನೆಪಾಠ. ಮಕ್ಕಳ ಹಳೆಯ ನೋಟುಬುಕ್ಕಿನ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಿಂದ ಹೊರಗೆ ಹೋಗಿ ಹಣ ತಂದದ್ದು, ಅದರ ಮುಂದೆ ಕೊಂಡವರು ಯಾರು, ದರ ಕಟ್ಟಿದವರು ಯಾರು ಎಂದು ಬರೆಯಿರಿ. ಬಲಕ್ಕೆ ಹಣ ಕೊಟ್ಟು ಒಳಗೆ ತಂದದ್ದು; ತಿನ್ನುವ ವಸ್ತುಗಳನ್ನು ಬೇರೆಯಾಗಿ ಬರೆಯಿರಿ. ಔಷಧದ ಖರ್ಚನ್ನು ಮುಚ್ಚಿಡಬೇಡಿರಿ. ಬರೆಯಲು ಬಾರದ ಹಿರಿಯರಿಗೆ ಮೊಮ್ಮಕ್ಕಳು ಬರೆದುಕೊಡಲಿ. ಕನ್ನಡವಾಗಲಿ ಮರಾಠಿಯಾಗಲಿ, ನಮಗೆ ಎರಡೂ ಓದಲು ಬರುತ್ತವೆ. ಮುಂದಿನ ತಿಂಗಳ ಎರಡನೆಯ ಭಾನುವಾರ ಪೂಜೆಯ ನಂತರ ಶಾಲೆಯ ಕೋಣೆಯಲ್ಲಿ ಕುಳಿತು ನೋಡೋಣ. ಹೆಸರು ಬರೆಯುವ ಅಗತ್ಯವಿಲ್ಲ. ಆ ತಾಯಿ ಮತ್ತು ಮಗ ಇಬ್ಬರೂ ಬರುತ್ತೇವೆಂದು ಹೇಳಿದ್ದಾರೆ, ಬೇರೆ ಬೇರೆ ಹಾಳೆಗಳೊಂದಿಗೆ.